ಸೊಳ್ಳೆ ಓಡಿಸುವ ಗಿಡದೆಣ್ಣೆಗಳು: ಘಮ ಇದೆ, ಬಾಳಿಕೆ ಎಷ್ಟು?

ಸೊಳ್ಳೆ ಕಾಟಕ್ಕೆ ಗಿಡದ ಎಣ್ಣೆ ಹಚ್ಚಿಕೊಳ್ಳುವುದು ಹೊಸದೇನಲ್ಲ. ಸಿಟ್ರೊನೆಲ್ಲಾ ಎಣ್ಣೆ 20ನೇ ಶತಮಾನದ ಆರಂಭದಲ್ಲೇ ಬಳಕೆಯಲ್ಲಿತ್ತು. ಮಜ್ಜಿಗೆ ಹುಲ್ಲಿನ ಜಾತಿಯದೇ ಇನ್ನೊಂದು ಹುಲ್ಲನ್ನು ಬಟ್ಟಿ ಇಳಿಸಿ ಇದನ್ನು ತೆಗೆಯುತ್ತಾರೆ. ಅಮೆರಿಕದಲ್ಲಿ 1948ರಲ್ಲೇ ಇದು ಕೀಟ ಓಡಿಸುವ ಔಷಧಿಯಾಗಿ ನೋಂದಣಿಯಾಗಿತ್ತು.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಡಿಡಿಟಿ ಬಂತು. ಒಮ್ಮೆ ಗೋಡೆಗೆ ಸಿಂಪಡಿಸಿದರೆ ತಿಂಗಳುಗಟ್ಟಲೆ ಸೊಳ್ಳೆ ಸಾಯುತ್ತಿದ್ದವು. 1946ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ, ಮೈಗೆ ಹಚ್ಚಿಕೊಳ್ಳುವ ರಾಸಾಯನಿಕ ಡೀಟ್, 1957ರಿಂದ ಜನಸಾಮಾನ್ಯರ ಕೈಗೂ ಸಿಕ್ಕಿತು. ಗಿಡದೆಣ್ಣೆಗಳನ್ನು ಕೇಳುವವರು ಕಡಿಮೆಯಾದರು. ಮುಂದೆ ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಹಕ್ಕಿ-ಮೀನುಗಳಿಗೂ ಅದರ ವಿಷ ತಟ್ಟಿತು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಗಿಡಗಳ ಕಡೆ ಮತ್ತೆ ಕಣ್ಣು ಹೊರಳಿತು.

ಈ ಎಣ್ಣೆಗಳು ಕೆಲಸ ಮಾಡೋದೇ ಇಲ್ಲ ಅಂತಲ್ಲ. ತೊಂದರೆ ಇರುವುದು ಬಾಳಿಕೆಯಲ್ಲಿ. ಎಣ್ಣೆ ಘಮ್ ಅನ್ನುವುದು ಅದು ಆವಿಯಾಗುತ್ತಿರುವುದರಿಂದಲೇ ಅಲ್ವಾ? ಆ ಆವಿಯೇ ಸೊಳ್ಳೆಯನ್ನು ದೂರ ಇಡುತ್ತದೆ. ಅದು ಮುಗಿದರೆ ರಕ್ಷಣೆಯೂ ಮುಗಿಯಿತು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಔಷಧಿ ಹಚ್ಚಿದ ತೋಳನ್ನು ಹಸಿದ ಸೊಳ್ಳೆಗಳಿದ್ದ ಪಂಜರದೊಳಗೆ ಇಟ್ಟು, ಮೊದಲ ಕಡಿತದವರೆಗೆ ಸಮಯ ನೋಡಿದರು. ಶೇ 23.8 ಡೀಟ್ ಇದ್ದ ಔಷಧಿ ಸರಾಸರಿ 5 ಗಂಟೆ ತಡೆಯಿತು. ಸಿಟ್ರೊನೆಲ್ಲಾ ಔಷಧಿಗಳು 20 ನಿಮಿಷವೂ ತಡೆಯಲಿಲ್ಲ.

ಬಾಳಿಕೆಯ ಈ ತೊಂದರೆಗೆ ದಾರಿ ತೋರಿಸಿದ್ದು ಚೀನಾದ ವಿಜ್ಞಾನಿಗಳು. ನಿಂಬೆ ವಾಸನೆಯ ನೀಲಗಿರಿ ಎಲೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ದ್ರವದಲ್ಲಿ ಪಿಎಂಡಿ ಎಂಬ ವಸ್ತು ಸಿಕ್ಕಿತು. ಇದು ನಿಧಾನಕ್ಕೆ ಆವಿಯಾಗುತ್ತದೆ, ಹಾಗಾಗಿ ಗಂಟೆಗಟ್ಟಲೆ ಕಾಯುತ್ತದೆ. 2005ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಇದನ್ನೂ ಶಿಫಾರಸು ಮಾಡಿತು. ಇಲ್ಲಿ ಜನ ಜಾಸ್ತಿ ಎಡವುತ್ತಾರೆ: ಸಾಮಾನ್ಯ ನೀಲಗಿರಿ ಎಣ್ಣೆ ಪಿಎಂಡಿ ಅಲ್ಲ. ಅದನ್ನು ಸುಮ್ನೆ ಮೈಗೆ ಹಚ್ಚಿಕೊಂಡು ಡೆಂಗಿಯಿಂದ ಪಾರಾದೆವು ಅಂದುಕೊಳ್ಳುವುದು ಅಪಾಯ. 3 ವರ್ಷದೊಳಗಿನ ಮಕ್ಕಳಿಗೆ ಪಿಎಂಡಿಯೂ ಬೇಡ ಎನ್ನುತ್ತದೆ ಸಿಡಿಸಿ.

ನೀರಲ್ಲಿರುವ ಸೊಳ್ಳೆಯ ಮರಿಹುಳುಗಳನ್ನು ಕೊಲ್ಲಲೂ ಇಂಥ ಎಣ್ಣೆಗಳನ್ನು ಪರೀಕ್ಷಿಸುತ್ತಿದ್ದಾರೆ. ನೀರಿಗೆ ಹಾಕಿದರೆ ಮೇಲೆ ತೇಲಿ ಬೇಗ ಆವಿಯಾಗುತ್ತವೆ. ಅದಕ್ಕೇ ಎಣ್ಣೆಯನ್ನು ಅತಿ ಸಣ್ಣ ಕ್ಯಾಪ್ಸೂಲ್‌ಗಳಲ್ಲಿ ತುಂಬಿ, ನಿಧಾನಕ್ಕೆ ಹೊರಬಿಡುವ ಪ್ರಯತ್ನ ನಡೆದಿದೆ. ಇನ್ನೊಂದು ತೊಡಕೂ ಇದೆ. ಒಂದೇ ಗಿಡವಾದರೂ ಮಣ್ಣು, ಹವೆ, ಕೊಯ್ಲಿನ ಕಾಲ ಬದಲಾದರೆ ಎಣ್ಣೆಯ ಸತ್ವವೂ ಬದಲಾಗುತ್ತದೆ. ಹಾಗಾಗಿ ಇಡೀ ಎಣ್ಣೆಯ ಬದಲು ಅದರೊಳಗಿನ ಒಂದೇ ವಸ್ತುವನ್ನು ಹಿಡಿಯುವುದು ಈಗಿನ ದಾರಿ. ಗ್ರೇಪ್‌ಫ್ರೂಟ್ ಸಿಪ್ಪೆಯಲ್ಲಿರುವ ನೂಟ್ಕಾಟೋನ್ ಎಂಬ ವಸ್ತುವಿಗೆ 2020ರಲ್ಲಿ ಅಮೆರಿಕ ಅನುಮತಿ ಕೊಟ್ಟಿದ್ದು ಹೀಗೆಯೇ.