ಜೇಡ ಬಿಟ್ಟುಕಳಿಸುವ ಪತಂಗ

ಅರಸೀಕೆರೆ ಕಡೆಯ ತೆಂಗಿನ ತೋಟವೊಂದರಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತಿದ್ದರು. ಹಳದಿ ಹೂವಿನ ನಡುವೆ ಹಾಡಹಗಲಲ್ಲೇ ಒಂದು ಪುಟ್ಟ ಪತಂಗ ನಿಧಾನವಾಗಿ ಹಾರಾಡುತ್ತಿತ್ತು. ಬಿಳಿ ರೆಕ್ಕೆ, ಮೇಲೆಲ್ಲ ಕುಂಕುಮದ ಬೊಟ್ಟು, ಕಪ್ಪು ಚುಕ್ಕಿ.

"ಮುಟ್ಬೇಡಿ ಸಾರ್, ಅದರ ಪುಡಿ ಬಿದ್ರೆ ಕಣ್ಣೇ ಹೋಗುತ್ತೆ" ಅಂದರು ತೋಟದವರು.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಪುಡಿ ಅಂದರೆ ರೆಕ್ಕೆ ಮೇಲಿನ ಸಣ್ಣ ಸಣ್ಣ ಹುರುಪೆ. ನಾವು ಮುದ್ದು ಮಾಡುವ ಚಿಟ್ಟೆಯಲ್ಲೂ ಅದೇ ಇರುತ್ತದೆ. ಅದರಿಂದ ಯಾರೂ ಕುರುಡಾಗುವುದಿಲ್ಲ. ಈ ಪತಂಗದಲ್ಲಿ ವಿಷ ಇರುವುದು ನಿಜ. ಆದರೆ ಅದು ಇರುವುದು ಮೈಯೊಳಗೆ, ಅದೂ ತಿನ್ನಲು ಬಂದವರಿಗೆ.

ಇದು ಹುಲಿ ಪತಂಗಗಳ ಬಳಗದ ಯುಟಿತೈಸಾ ಪುಲ್ಚೆಲ್ಲಾ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ 'ಪುಲ್ಚೆಲ್ಲಾ' ಎಂಬ ಲ್ಯಾಟಿನ್ ಹೆಸರಿಗೆ ಪುಟ್ಟ ಚೆಲುವೆ ಎಂದರ್ಥ. ಇದರ ಕಂಬಳಿಹುಳ ಸೆಣಬಿನ ಎಲೆ ತಿನ್ನುತ್ತದೆ, ಕಾಯಿ ಕೊರೆದು ಬೀಜವನ್ನೂ ತಿನ್ನುತ್ತದೆ. ಸೆಣಬಿನ ಜಾತಿಯ ಗಿಡಗಳಲ್ಲಿ ಪೈರೋಲಿಜಿಡಿನ್ ಎಂಬ ಕಹಿ ವಿಷವಿದೆ. ಜಾಸ್ತಿಯಾದರೆ ದನದ ಲಿವರ್ ಕೆಡಿಸುವಂಥದ್ದು. ಹುಳ ಅದನ್ನು ಹೊರಹಾಕದೆ ಕೂಡಿಡುತ್ತದೆ. ಬೆಳ್ಳುಳ್ಳಿ ತಿಂದವರ ಉಸಿರಲ್ಲಿ ವಾಸನೆ ಉಳಿಯುತ್ತದಲ್ವಾ, ಇಲ್ಲಿ ಉಳಿಯುವುದು ಇಡೀ ಆಯಸ್ಸಿಗೆ. ಗೂಡು ಕಟ್ಟಿ, ಮೈ ಪೂರ್ತಿ ಬದಲಾಗಿ, ರೆಕ್ಕೆ ಬಂದರೂ ವಿಷ ಹೋಗುವುದಿಲ್ಲ. ಮನೆ ಕೆಡವಿ ಹೊಸದು ಕಟ್ಟುವಾಗಲೂ ಅಜ್ಜಿಯ ಉಪ್ಪಿನಕಾಯಿ ಜಾಡಿಯನ್ನು ಜೋಪಾನ ಮಾಡಿದ ಹಾಗೆ.

ಇದರ ಫಲವನ್ನು ತೋರಿಸಿಕೊಟ್ಟವರು ಕೀಟವಿಜ್ಞಾನಿ ಥಾಮಸ್ ಐಸ್ನರ್. 1929ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ದೇಶ ಬಿಟ್ಟ ಮನೆತನದವರು. ಉರುಗ್ವೆಯಲ್ಲಿ ಹುಳ ಹಿಡಿಯುತ್ತಾ ಬೆಳೆದ ಆ ಹುಡುಗ ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. ನಮ್ಮ ಪತಂಗದ ಅಮೆರಿಕದ ದಾಯಾದಿ ಯುಟಿತೈಸಾ ಆರ್ನೆಟ್ರಿಕ್ಸ್ ಜೇಡರ ಬಲೆಗೆ ಬಿದ್ದದ್ದನ್ನು ಅವರು ನೋಡಿದರು. ಜೇಡ ಓಡಿ ಬಂತು, ಮುಟ್ಟಿ ನೋಡಿತು, ಸುತ್ತಲಿನ ಎಳೆಗಳನ್ನು ಒಂದೊಂದಾಗಿ ತಾನೇ ಕತ್ತರಿಸಿ ಪತಂಗವನ್ನು ಬಿಟ್ಟುಬಿಟ್ಟಿತು! ವಿಷವಿಲ್ಲದ ಬೀನ್ಸ್ ಆಹಾರ ಕೊಟ್ಟು ಸಾಕಿದ ಪತಂಗಗಳನ್ನು ಮಾತ್ರ ಜೇಡ ಸುಮ್ನೆ ಬಿಡಲಿಲ್ಲ, ತಿಂದು ಹಾಕಿತು.

ಆ ದಾಯಾದಿಯ ಸಂಸಾರ ಇನ್ನೂ ಸೊಗಸು. ಗಂಡು ಆ ವಿಷದಿಂದಲೇ ಪರಿಮಳ ಮಾಡಿಕೊಂಡು ಹೆಣ್ಣನ್ನು ಒಲಿಸುತ್ತದೆ. ಕೂಡುವಾಗ ತನ್ನ ಪಾಲಿನ ವಿಷವನ್ನೂ ಅವಳಿಗೆ ಕೊಡುತ್ತದೆ. ಅವಳು ತನ್ನದನ್ನೂ ಸೇರಿಸಿ ಮೊಟ್ಟೆಗೆ ತುಂಬುತ್ತಾಳೆ, ಮಗಳ ಮದುವೆಗೆ ಅಪ್ಪ ಅಮ್ಮ ಇಬ್ಬರೂ ಒಡವೆ ಕೂಡಿಸಿದ ಹಾಗೆ. ಗುಲಗಂಜಿ ಹುಳದಂಥವು ಆ ಮೊಟ್ಟೆಯ ರುಚಿ ನೋಡಿ ಹಿಂದೆ ಸರಿಯುತ್ತವೆ.