ಪ್ರಾರ್ಥನಾ ಮಂದಿರದ ಗೋಡೆಯಲ್ಲಿ ಆಕ್ಸಿಜನ್ ಪೈಪು

ಆಸ್ಪತ್ರೆಯ ಪ್ರಾರ್ಥನಾ ಮಂದಿರದ ಗೋಡೆಗೆ ಆಕ್ಸಿಜನ್ ಪೈಪು ಯಾಕೆ ಬೇಕು? ಟೋಕಿಯೊದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಹೊಸ ಕಟ್ಟಡ 1992ರಲ್ಲಿ ಶುರುವಾದಾಗ ಹಲವರಿಗೆ ಇದು ದಂಡದ ಖರ್ಚು ಅನ್ನಿಸಿತ್ತು. ಓಡಾಡುವ ಕಾರಿಡಾರಿನ ಗೋಡೆಗಳಲ್ಲೂ ಅದೇ ಪೈಪು. ಹಟ ಹಿಡಿದು ಹಾಕಿಸಿದವರು ಡಾ. ಶಿಗೆಯಾಕಿ ಹಿನೊಹಾರಾ. ಆಗ ಅವರಿಗೆ 80 ದಾಟಿತ್ತು.

1941ರಿಂದ ಅವರು ಅದೇ ಆಸ್ಪತ್ರೆಯ ವೈದ್ಯರು. 1945ರ ಮಾರ್ಚ್ 10ರ ಬಾಂಬ್ ದಾಳಿಯಲ್ಲಿ ಟೋಕಿಯೊ ಹೊತ್ತಿ ಉರಿದಾಗ ಸುಟ್ಟ ಗಾಯದವರು ತಂಡತಂಡವಾಗಿ ಬಂದರು. ಜಾಗವಿಲ್ಲ, ಔಷಧಿಯಿಲ್ಲ. ಆ ಅಸಹಾಯಕತೆಯನ್ನು ಅವರು ಮರೆಯಲಿಲ್ಲ. ಅರ್ಧ ಶತಮಾನದ ನಂತರ ಅದನ್ನೇ ಕಟ್ಟಡದ ನಕ್ಷೆಯೊಳಗೆ ತಂದರು.

1995ರ ಮಾರ್ಚ್ 20ರ ಬೆಳಿಗ್ಗೆ ಟೋಕಿಯೊದ ಸುರಂಗ ರೈಲುಗಳಲ್ಲಿ ನಡೆದ ದಾಳಿಯಲ್ಲಿ ಸರಿನ್ ಎಂಬ, ನರಗಳಿಗೆ ಹೊಡೆತ ಕೊಡುವ ವಿಷ ಹರಡಿತು. ಆಸ್ಪತ್ರೆಯ ಪಕ್ಕದಲ್ಲೇ ತ್ಸುಕಿಜಿ ನಿಲ್ದಾಣ. ಹಿನೊಹಾರಾ ಆ ದಿನದ ಹೊರರೋಗಿ ವಿಭಾಗ ನಿಲ್ಲಿಸಿ, ಬಂದವರನ್ನೆಲ್ಲ ಒಳಗೆ ತಗೊಳ್ಳಿ ಎಂದರು. ಮೊದಲ ದಿನವೇ 640 ಜನ ಬಂದರು. ಮಂದಿರವೂ ವಾರ್ಡಾಯಿತು.

ಏನು ವಿಷ ಎಂದು ಮೊದಲು ಯಾರಿಗೂ ತಿಳಿದಿರಲಿಲ್ಲ. ಆದರೆ ರೋಗಿಗಳ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿತ್ತು. ಹಿಂದಿನ ವರ್ಷ ಮಾಟ್ಸುಮೊಟೊ ಊರಿನಲ್ಲೂ ಸರಿನ್ ದಾಳಿ ನಡೆದಿತ್ತು. ಆ ರೋಗಿಗಳನ್ನು ನೋಡಿದ್ದ ವೈದ್ಯರೊಬ್ಬರು ಟೀವಿಯಲ್ಲಿ ಸುದ್ದಿ ಕಂಡು ಫೋನ್ ಮಾಡಿ, ಇದೂ ಅದೇ ಇರಬಹುದು ಎಂದರು. ಕಂಡವರು ನೆನಪಿಟ್ಟುಕೊಂಡು ಹೇಳಿದ್ದು ಇಲ್ಲೂ ಕೆಲಸಕ್ಕೆ ಬಂತು.

ಹಿನೊಹಾರಾ ವೈದ್ಯಕೀಯದ ಚರಿತ್ರೆ ಓದುತ್ತಿದ್ದುದೂ ಹಿಂದಿನವರು ಕಂಡದ್ದು ಮುಂದೆ ಕೆಲಸಕ್ಕೆ ಬರಲಿ ಎಂಬ ಇದೇ ಆಸೆಯಿಂದ ಎಂದು ನನಗೆ ಅನ್ನಿಸುತ್ತದೆ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಅವರ ಆಸ್ಪತ್ರೆಯನ್ನು ವಶಕ್ಕೆ ತೆಗೆದುಕೊಂಡಿತು. ಹಿನೊಹಾರಾ ಸೇನೆಯ ವೈದ್ಯರ ಗ್ರಂಥಾಲಯಕ್ಕೆ ಹೋಗಿ ಓದುತ್ತ ಕೂತರು. ಅಲ್ಲಿ ಓದಲು ಸಿಕ್ಕಿದ್ದು ವಿಲಿಯಂ ಆಸ್ಲರ್. ವಿದ್ಯಾರ್ಥಿಗಳನ್ನು ಕ್ಲಾಸ್‌ರೂಮಿನಿಂದ ರೋಗಿಯ ಮಂಚದ ಪಕ್ಕಕ್ಕೆ ಕರೆತಂದ ಗುರು. 1948ರಲ್ಲೇ ಹಿನೊಹಾರಾ ಈ ಆಸ್ಲರ್ ಅವರ ಜೀವನಚರಿತ್ರೆ ಬರೆದರು. ಬರೆದು ಸುಮ್ನಿರಲಿಲ್ಲ, ತಾವೂ ಹಾಗೇ ಪಾಠ ಮಾಡಿದರು. ನರ್ಸ್‌ಗಳ ಕಾಲೇಜು ನಡೆಸಿದರು. ರಕ್ತದೊತ್ತಡ ನೋಡುವುದು ಡಾಕ್ಟರ ಕೆಲಸ ಎಂದಿದ್ದ ಕಾಲದಲ್ಲಿ, ಸಾಮಾನ್ಯ ಜನರೇ ಮನೆಯಲ್ಲಿ ನೋಡಿಕೊಳ್ಳಲಿ ಎಂದು ಕಲಿಸಿದರು. ಇವತ್ತು ಮನೆಮನೆಯಲ್ಲಿ ಬಿಪಿ ಯಂತ್ರ ಇದೆ ಅಲ್ವಾ? 105ನೇ ವಯಸ್ಸಿನಲ್ಲಿ, 2017ರಲ್ಲಿ ತೀರಿಕೊಂಡರು.

ಆದರೆ ಆ ಮಂದಿರದ ಕಥೆ ಪೈಪಿಗೇ ಮುಗಿಯುವುದಿಲ್ಲ. ರೋಗಿಗಳ ಬಟ್ಟೆಯಲ್ಲಿ ಸರಿನ್ ಉಳಿದಿತ್ತು. ಮಂದಿರದಲ್ಲಿ ಗಾಳಿ ಸರಿಯಾಗಿ ಆಡುತ್ತಿರಲಿಲ್ಲ. ಆರೈಕೆ ಮಾಡಿದ ಸಿಬ್ಬಂದಿಗೇ ಕಣ್ಣು ಮಂಜಾಯಿತು, ತಲೆನೋವು ಬಂತು. ಆಮೇಲೆ ವಿಚಾರಿಸಿ ನೋಡಿದಾಗ ಉತ್ತರ ಕೊಟ್ಟ ಸಿಬ್ಬಂದಿಯಲ್ಲಿ ಶೇ. 23ರಷ್ಟು ಜನರಿಗೆ ತೊಂದರೆಯಾಗಿತ್ತು. ಮಂದಿರದಲ್ಲಿದ್ದವರಿಗೆ ಎಲ್ಲರಿಗಿಂತ ಜಾಸ್ತಿ. ಆಸ್ಪತ್ರೆಯವರು ಇದನ್ನು ಮುಚ್ಚಿಡದೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ನನಗೆ ಪೈಪಿಗಿಂತ ಇದೇ ದೊಡ್ಡದು.

ನಮ್ಮ ಕ್ಯಾಶುವಾಲ್ಟಿಗಳಿಗೆ ಇದು ದೂರದ ವಿಷಯವಲ್ಲ. ಹೊಲಕ್ಕೆ ಹೊಡೆಯುವ ಎಷ್ಟೋ ಔಷಧಿಗಳು ಸರಿನ್ನಿನ ಗುಂಪಿನವೇ, ಆರ್ಗನೋಫಾಸ್ಫೇಟ್. ಅದೇ ಕಿರಿದಾದ ಪಾಪೆ, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ. ಚಿಕಿತ್ಸೆಯೂ ಅದೇ, ಅಟ್ರೋಪಿನ್. ಉಸಿರಾಟ ಕಾಪಾಡುವುದು, ಅಟ್ರೋಪಿನ್ ಶುರು ಮಾಡುವುದು ಒಬ್ಬರ ಕೆಲಸ. ಆ ಹೊತ್ತಿಗೇ ಇನ್ನೊಬ್ಬರು ಗ್ಲೌಸ್ ಹಾಕಿಕೊಂಡು ರೋಗಿಯ ಬಟ್ಟೆ ಬಿಚ್ಚಬೇಕು, ಕವರಿನಲ್ಲಿ ಕಟ್ಟಿ ಹೊರಗಿಡಬೇಕು. ಮೈ, ತಲೆಕೂದಲನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಕಿಟಕಿ ತೆಗೆದಿಡಬೇಕು. ನನ್ನ ಹೌಸ್ ಸರ್ಜನ್‌ಗಳಿಗೆ, ಅಂದರೆ ತರಬೇತಿಯಲ್ಲಿರುವ ಹೊಸ ಡಾಕ್ಟರುಗಳಿಗೆ, ಅಟ್ರೋಪಿನ್ ಡೋಸು ಬಾಯಿಪಾಠವಾಗಿರುತ್ತದೆ. ಬಟ್ಟೆ ಯಾರು ಬಿಚ್ಚುತ್ತಾರೆ ಎಂದು ಡ್ಯೂಟಿ ಶುರುವಾಗುವಾಗಲೇ ಹೆಸರು ಹೇಳಿಸುತ್ತೇನೆ.