ತೀರ್ಮಾನಕ್ಕೆ ಮುಂಚೆಯೋ, ಆಮೇಲೋ?

ಬಹಾಯಿ ಸಮುದಾಯಗಳಲ್ಲಿ ಸಭೆ ನಡೆಸುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಧ್ಯಕ್ಷರಾದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಇಂಥವರು ಎಲ್ಲದಕ್ಕೂ ಅಡ್ಡ ಮಾತಾಡ್ತಾರೆ, ಏಕತೆ ಹಾಳಾಗುತ್ತೆ. ಹೇಗೆ ತಡೆಯೋದು?" ನಾನು ತಿರುಗಿ ಕೇಳುವುದೂ ಒಂದೇ. ಅವರು ಮಾತಾಡಿದ್ದು ತೀರ್ಮಾನಕ್ಕೆ ಮುಂಚೆಯೋ, ಆಮೇಲೋ? ಆ ಲೆಕ್ಕವನ್ನೇ ಇಡದವರು ಜಾಸ್ತಿ.

ಮುಂಚೆ ಆಗಿದ್ದರೆ ತಡೆಯಲೇಬೇಡಿ. ಸಮಾಲೋಚನೆ ಅಂದರೆ ಅದೇ. ಭಿನ್ನ ಅಭಿಪ್ರಾಯಗಳು ಒಂದಕ್ಕೊಂದು ತಾಕಿದಾಗಲೇ ಸತ್ಯದ ಕಿಡಿ ಹಾರುತ್ತದೆ ಎಂದು ಧರ್ಮದ ಸ್ಥಾಪಕ ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಹೇಳಿದ್ದಾರೆ. ಮನಸ್ಸಿನಲ್ಲಿರುವುದನ್ನು ಹೇಳುವುದು ಪ್ರತಿಯೊಬ್ಬರ ಹಕ್ಕು ಎಂದು, ಅವರ ನಂತರ ಧರ್ಮರಕ್ಷಕರಾಗಿ ಸಮುದಾಯವನ್ನು ಮುನ್ನಡೆಸಿದ ಶೋಘಿ ಎಫೆಂದಿ 1924ರಲ್ಲೇ ಬರೆದರು. ಇದು ಯಾರಿಗೂ ಹೊಸದಲ್ಲ. ಆದರೂ ಸಭೆಯಲ್ಲಿ ಒಂದು ದನಿ ಸ್ವಲ್ಪ ಏರಿದರೆ ಸಾಕು, ಎಲ್ಲರಿಗೂ ಗಾಬರಿ.

ತೀರ್ಮಾನ ಆಯಿತು ಅನ್ನಿ. ಒಮ್ಮತ ಬಾರದಿದ್ದರೆ ಬಹುಮತ. ಆಮೇಲೆ ಒಪ್ಪದವರೂ ಅದಕ್ಕೆ ಕೈಜೋಡಿಸಬೇಕು. ತೀರ್ಮಾನ ತಪ್ಪಾಗಿದ್ದರೂ ಎಲ್ಲರೂ ಸೇರಿ ನಡೆಸಿದರೆ ಆ ತಪ್ಪು ಬೇಗ ಬಯಲಾಗುತ್ತದೆ. ಅರ್ಧ ಜನ ಕೈಕಟ್ಟಿ ಕೂತರೆ ತೀರ್ಮಾನವೇ ತಪ್ಪೋ, ದುಡಿದದ್ದು ಸಾಲಲಿಲ್ಲವೋ ಗೊತ್ತಾಗುವುದೇ ಇಲ್ಲ. ಹಾಗಂತ ಬಾಯಿ ಮುಚ್ಚಿಸಿದ ಹಾಗಲ್ಲ. ಊರಿನ ಬಹಾಯಿಗಳು ಆರಿಸಿದ ಆಡಳಿತ ಮಂಡಳಿಗೆ, ಅಂದರೆ ಸ್ಥಳೀಯ ಆಧ್ಯಾತ್ಮಿಕ ಸಭೆಗೆ, ಮರುಪರಿಶೀಲನೆ ಕೇಳಬಹುದು. ಅಲ್ಲಿಂದ ರಾಷ್ಟ್ರೀಯ ಸಭೆಗೆ, ಕೊನೆಗೆ ಇಸ್ರೇಲಿನ ಹೈಫಾದಲ್ಲಿರುವ ಬಹಾಯಿಗಳ ಅತ್ಯುನ್ನತ ಮಂಡಳಿ ವಿಶ್ವ ನ್ಯಾಯ ಮಂದಿರದವರೆಗೂ ಮೇಲ್ಮನವಿ ಹೋಗಬಹುದು. ಮನೆ ಮನೆ ಸುತ್ತಿ ಜನರನ್ನು ಎತ್ತಿಕಟ್ಟುವುದು ಮಾತ್ರ ಕೂಡದು. ಮುಂಚೆ ಬಿಚ್ಚಿ ಹೇಳಲು ಬಿಟ್ಟಿದ್ದರೆ ಆಮೇಲೆ ಸುತ್ತುವವರು ಕಡಿಮೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು.

ಒಂದು ಊರಲ್ಲಿ ಮಕ್ಕಳ ತರಗತಿಯನ್ನು ಬೇರೆ ಮನೆಗೆ ಸಾಗಿಸುವ ಮಾತು ಬಂತು. ನಿವೃತ್ತ ಮೇಷ್ಟ್ರೊಬ್ಬರು "ಅಲ್ಲಿಗೆ ಬಸ್ಸಿಲ್ಲ, ಮಕ್ಕಳು ಬರಲ್ಲ" ಅಂದರು. ಎರಡನೇ ಸಲ ಹೇಳಿದಾಗ ಅಧ್ಯಕ್ಷೆ, "ಮೇಷ್ಟ್ರೇ, ಏಕತೆ ಮುಖ್ಯ ಅಲ್ವಾ? ಎಲ್ಲರೂ ಒಂದು ಪ್ರಾರ್ಥನೆ ಹೇಳೋಣ" ಅಂದುಬಿಟ್ಟರು. ಮನಸ್ಸು ತಿಳಿಯಾಗಲು ಪ್ರಾರ್ಥನೆ ಹೇಳುವುದು ಒಳ್ಳೆಯ ರೂಢಿ. ಒಬ್ಬರ ಬಾಯಿ ಮುಚ್ಚಿಸಲು ಅದನ್ನು ಬಳಸಿದ್ದು ನನಗೆ ನಿಜಕ್ಕೂ ನೋವು ಕೊಟ್ಟಿತು. ಮೇಷ್ಟ್ರು ಬರುವುದನ್ನೇ ಬಿಟ್ಟರು. ಕಾರ್ಯದರ್ಶಿ ಅವರ ಮನೆಗೇ ಹೋಗಿ ಮಾತು ಕೇಳಿಸಿಕೊಂಡು ಬರೆದುಕೊಂಡು ಬಂದರು. ಸಭೆ ಮತ್ತೆ ಕೂತು ಯೋಚಿಸಿತು, ಹೊಸ ಮನೆಗೆ ಸಾಗಿಸುವ ತೀರ್ಮಾನ ಬದಲಿಸಲಿಲ್ಲ, ಯಾಕೆ ಅಂತ ಅವರಿಗೆ ತಿಳಿಸಿತು. ಮೇಷ್ಟ್ರು ವಾಪಸ್ ಬಂದರು. ಅವರಿಗೆ ಬೇಕಿದ್ದದ್ದು ಗೆಲುವಲ್ಲ.

ಹತ್ತೊಂಬತ್ತು ದಿನಕ್ಕೊಮ್ಮೆ ನಡೆಯುವ ಔತಣವನ್ನೇ ನೋಡಿ. ಮೊದಲು ಪ್ರಾರ್ಥನೆ, ನಡುವೆ ಸಮಾಲೋಚನೆ, ಕೊನೆಗೆ ಊಟ ಉಪಚಾರ. ನಡುವಿನ ಭಾಗ ಬರೀ ಪ್ರಕಟಣೆ ಓದಿ ಮುಗಿಸುವ ಕಡೆ ನಿಜವಾದ ಚರ್ಚೆ ಊಟದ ತಟ್ಟೆ ಹಿಡಿದು ಮೂಲೆಯಲ್ಲಿ ನಡೆಯುತ್ತದೆ. ಬಹಾವುಲ್ಲಾ ಅಷ್ಟು ಕಠಿಣವಾಗಿ ಬೇಡವೆಂದ ಚಾಡಿಗೆ ಹೀಗೆ ನಾವೇ ಜಾಗ ಮಾಡಿಕೊಡುತ್ತೇವೆ.

ಇನ್ನೊಂದು ಭಯವೂ ಇದೆ. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ "ಒಡಂಬಡಿಕೆ ಮುರಿಯುವ ಮಾತು", ಅಂದರೆ ಧರ್ಮದ ನಾಯಕತ್ವವನ್ನೇ ಧಿಕ್ಕರಿಸುವ ಮಾತು ಎಂದು ಪಿಸುಗುಟ್ಟುತ್ತಾರೆ. ದಯವಿಟ್ಟು ಬೇಡ. ಶೋಘಿ ಎಫೆಂದಿ ತೀರಿಕೊಂಡ ಮೇಲೆ, 1960ರಲ್ಲಿ, ಮೇಸನ್ ರೀಮಿ ಎಂಬ ಹಿರಿಯ ಬಹಾಯಿ ತಾನೇ ಮುಂದಿನ ಧರ್ಮರಕ್ಷಕ ಎಂದು ಘೋಷಿಸಿಕೊಂಡಂಥ ಸಂಗತಿಗೆ ಇರುವ ಮಾತದು. ಹಾಗೆ ತೀರ್ಮಾನಿಸುವ ಅಧಿಕಾರ ಊರಿನ ಅಧ್ಯಕ್ಷರಿಗಿಲ್ಲ, ನನಗಂತೂ ಇಲ್ಲವೇ ಇಲ್ಲ. "ಸಮಾನತೆ ಅಂತೀವಿ, ವಿಶ್ವ ನ್ಯಾಯ ಮಂದಿರದಲ್ಲಿ ಯಾಕೆ ಗಂಡಸರೇ?" ಎಂದು ಹುಡುಗಿಯೊಬ್ಬಳು ಕೇಳಿದರೆ ಅವಳು ದ್ರೋಹ ಮಾಡಿದ ಹಾಗಲ್ಲ. ಅದು ಧರ್ಮಗ್ರಂಥದಿಂದ ಬಂದ ನಿಯಮ, ನಮ್ಮ ಸಭೆ ಬದಲಿಸಲಾಗದು ಎಂದು ನೇರವಾಗಿ ಹೇಳಿ. ಸ್ಥಳೀಯ, ರಾಷ್ಟ್ರೀಯ ಸಭೆಗಳಲ್ಲಿ ಹೆಂಗಸರಿದ್ದಾರೆ ಅನ್ನುವುದನ್ನೂ ಹೇಳಿ. ಅವಳಿಗೆ ಸಮಾಧಾನ ಆಗದಿದ್ದರೆ ಆಗದಿರಲಿ, ಪಕ್ಕದಲ್ಲೇ ಕೂತಿರಲಿ.

ಹಾಗಾದರೆ ತಡೆಯಬೇಕಾದ್ದು? ವ್ಯಕ್ತಿಯ ಮೇಲೆ ಹರಿಹಾಯುವುದು. ಹೇಳಿದ್ದನ್ನೇ ಹೇಳಿ ಬೇರೆಯವರ ಸಮಯ ತಿನ್ನುವುದು. ಚುನಾವಣೆಗೆ ಮುಂಚೆ ಹೆಸರು ತೇಲಿಬಿಡುವುದು, ಯಾಕೆಂದರೆ ಇಲ್ಲಿ ಉಮೇದುವಾರಿಕೆಯೂ ಇಲ್ಲ, ಪ್ರಚಾರವೂ ಇಲ್ಲ. ಇವುಗಳಲ್ಲಿ ಮುಲಾಜು ಬೇಡ.

ಉಳಿದದ್ದನ್ನೆಲ್ಲ ಕಾರ್ಯದರ್ಶಿ ಬರೆದುಕೊಳ್ಳಲಿ, ಹೇಳಿದವರ ಮುಂದೆ ಒಮ್ಮೆ ಓದಿ "ಇದೇ ತಾನೇ?" ಎಂದು ಕೇಳಲಿ. ಮುಂದಿನ ಔತಣದಲ್ಲಿ ಸಭೆಯ ಉತ್ತರ ತಿಳಿಸಿ. "ಆಗಲ್ಲ" ಅನ್ನುವುದೇ ಉತ್ತರವಾದರೆ ಕಾರಣವನ್ನೂ ಹೇಳಿ.